ಆಯ್ತಾ ಭಾವ ಬಣ್ಣ ಒಣಗಿಸಿದ್ದು

ಅಲ್ಲಯ್ಯಾ, ಇದರಲ್ಲಿ ನಗುವುದಕ್ಕೇನಿದೆ? ಒಬ್ಬ ಮನುಷ್ಯ ಬಣ್ಣ ಹೊಡೆದ ಕಬ್ಬಿಣದ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದ, ಬೆರಳ ತುದಿಯನ್ನೂ ತಾಗಿಸಲಿಲ್ಲ ಎಂದೆ. ಅಷ್ಟಕ್ಕೇ ನಿನ್ನ ಹುಬ್ಬು ತಲೆಗೂದಲಿಗೆ ಹೋಗಿ ಸೇರಿತು. ನಾನು ಹೇಳಿದ್ದನ್ನೆಲ್ಲ ಅರ್ಧಕ್ಕರ್ಧ ಕಡಿದುಕೊಂಡೇ ಕೇಳುವವನು ನೀನು, ಗೊತ್ತು. ಕಡಿ, ಬೇಡ ಎನ್ನುವುದಿಲ್ಲ. ಆದರೆ ಇದೊಂದಕ್ಕೆ ಕತ್ತರಿ ಹಾಕಬೇಡ. ಕೂತಿದ್ದವನು ನನ್ನ ಸ್ವಂತ ತಂಗಿಯ ಗಂಡ. ಅವನ ಪಕ್ಕದಲ್ಲೇ ಮೂರು ಕಾಲಿನ ಸ್ಟೂಲಿನ ಮೇಲೆ ಕಾವಲು ಕೂತಿದ್ದವನು ನಾನು.

ಯಾರು ಅಂತ ಹೇಳಿದರೆ ನಿನಗೆ ಇದು ಎಂಥ ಪವಾಡ ಅನ್ನುವುದು ತಿಳಿಯುತ್ತದೆ. ಅವನನ್ನು ಎಲ್ಲರೂ ಕರೆಯುವುದು 'ಆಯ್ತಾ' ಅಂತಲೇ. ಯಾರನ್ನು ಕಂಡರೂ ಅವನ ಬಾಯಲ್ಲಿ ಮೊದಲು ಬರುವ ಮಾತು ಅದೇ. ಕ್ಷೌರದವನು ಸೋಪು ಹಚ್ಚುವ ಮೊದಲೇ "ಆಯ್ತಾ?" ಡಾಕ್ಟರು ಸೂಜಿ ಎತ್ತುವ ಮೊದಲೇ ತೋಳು ಇಳಿಸಿಕೊಂಡು "ಆಯ್ತಾ?" ಅವನು ಮತ್ತು ನಾನು ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಹಾಗಾಗಿ ಸಂಬಂಧದಲ್ಲಿ ಭಾವನಾದರೂ ಮಾತಿನಲ್ಲಿ ಏಕವಚನ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಹತ್ತರವರೆಗೆ ಎಣಿಸು ಅಂದರೆ ಎರಡು, ಏಳು, ಹತ್ತು ಅಂತ ಎಣಿಸುತ್ತಿದ್ದ. ಒಂದು ಸಲ ಸ್ಟೇಷನ್ನಿಗೆ ಎಷ್ಟು ಬೇಗ ಹೋಗಿದ್ದನೆಂದರೆ, ಹಿಂದಿನ ದಿನ ತಡವಾಗಿದ್ದ ರೈಲು ಅವನಿಗೆ ಸಿಕ್ಕಿತು. ಅವನ ಮದುವೆಯ ಫೋಟೋದಲ್ಲಿ ನನ್ನ ತಂಗಿ ಒಬ್ಬಳೇ ನಿಂತಿದ್ದಾಳೆ, ಪಕ್ಕದಲ್ಲಿ ಒಂದು ಮೊಣಕೈ ಇದೆ. ಆ ಮೊಣಕೈ ಇವನದು. ಬೇಕಾದರೆ ಆಲ್ಬಮ್ ತರಿಸುತ್ತೇನೆ.

ಇಂಥವನಿಗೆ ದೇವರು ಕೊಟ್ಟ ಕೆಲಸ ಯಾವುದು? ಬಟ್ಟೆ ಒಣಗುವವರೆಗೆ ಕಾಯಬೇಕಾದ ಕೆಲಸ. ಮೂವತ್ತೊಂದು ವರ್ಷ ದೊಡ್ಡ ಲಾಂಡ್ರಿಯೊಂದರಲ್ಲಿದ್ದ. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಪರದೆ, ಎಲ್ಲವನ್ನೂ ಕಾರಿನ ಹಿಂದೆ ಎರಡು ಚಕ್ರದ ಟ್ರೇಲರ್ ಕಟ್ಟಿಕೊಂಡು ಬಾಗಿಲು ಬಾಗಿಲಿಗೆ ಮುಟ್ಟಿಸುವುದು ಅವನ ಕೆಲಸ. ಬಟ್ಟೆ ಇನ್ನೂ ಹಸಿ ಇರುವಾಗಲೇ ಗಾಡಿಗೆ ತುಂಬಿ ಹೊರಟುಬಿಡುತ್ತಿದ್ದ. "ದಾರೀಲಿ ಗಾಳಿಗೆ ಒಣಗುತ್ತೆ ಬಿಡಿ" ಅನ್ನುತ್ತಿದ್ದ. ಒಣಗುತ್ತಲೂ ಇತ್ತು, ಯಾಕೆಂದರೆ ಅವನು ಓಡಿಸುತ್ತಿದ್ದ ರೀತಿಗೆ ಒದ್ದೆ ಕಲ್ಲೂ ಒಣಗಬೇಕು. ಲಾಂಡ್ರಿ ಮುಚ್ಚಿದಾಗ ಯಜಮಾನರು ಆ ಟ್ರೇಲರನ್ನು ಅವನಿಗೇ ಬಿಟ್ಟುಕೊಟ್ಟರು.

ಆ ಟ್ರೇಲರಿನಿಂದಲೇ ಮುಂದಿನ ಸಂಕಟವೆಲ್ಲ.

ಅವನಿಗೆ ಒಬ್ಬಳೇ ಮಗಳು. ನನಗೆ ಸೊಸೆಯಾಗಬೇಕು, ಪುಸ್ತಕ ಬೈಂಡಿಂಗ್ ಮಾಡುತ್ತಾಳೆ. ಹರಿದು ಚಿಂದಿಯಾದ ಪುಸ್ತಕ ಕೊಟ್ಟರೆ ಅದರ ಅಜ್ಜನಿಗೂ ಇಲ್ಲದಷ್ಟು ಚಂದದ ಅಂಗಿ ತೊಡಿಸಿ ಕೊಡುತ್ತಾಳೆ. ಕೈ ನಿಧಾನ, ಮಾತು ಅದಕ್ಕಿಂತ ನಿಧಾನ. ಎರಡು ವರ್ಷದ ಹಿಂದೆ ಅವಳು ಹಳೆಯ ಒತ್ತುಯಂತ್ರ ಒಂದನ್ನು ಎಲ್ಲೋ ಹುಡುಕಿ ಕೊಂಡಿದ್ದಳು. ಎರಕದ ಕಬ್ಬಿಣದ್ದು, ಮೇಲೆ ಚಕ್ರ, ತಿರುಗಿಸಿದರೆ ಪುಸ್ತಕ ಗಟ್ಟಿ ಕೂರುತ್ತದೆ. ಅದನ್ನು ತರುವುದಕ್ಕೆ ಇವನು ಟ್ರೇಲರ್ ಕಟ್ಟಿಕೊಂಡು ಹೋದ. ಮಗಳು ಒಳಗೆ ಉಳಿದ ಬಿಡಿಭಾಗ ಕಟ್ಟಿಕೊಳ್ಳುತ್ತಿದ್ದರೆ ಇವನು ಹೊರಗೆ ಒಂದೇ ಕಡೆ ಹಗ್ಗ ಬಿಗಿದು "ಆಯ್ತಾ? ಹೊರಡೋಣ?" ಅಂದುಬಿಟ್ಟ. ಮೊದಲನೇ ತಿರುವಿನಲ್ಲೇ ಯಂತ್ರ ರಸ್ತೆಗೆ ಉರುಳಿತು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೀಳುತ್ತದೆ. ಎರಡು ಹೋಳಾಯಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಚೆಲ್ಲಾಪಿಲ್ಲಿಯಾದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡಳು. "ಹೋಗ್ಲಿ ಬಿಡಿ ಅಪ್ಪ" ಅಂದಳು. ಅಂದಿನಿಂದ ಅಪ್ಪನಿಗೆ ಯಾವುದನ್ನೂ ಮುಂಚೆ ಹೇಳುವುದನ್ನು ನಿಲ್ಲಿಸಿದಳು. ಹಲ್ಲು ಕೀಳಿಸಿಕೊಂಡು ಬಂದ ಮೇಲೆ "ಕೀಳಿಸಿದೆ" ಅನ್ನುತ್ತಿದ್ದಳು. ಬಾಡಿಗೆ ಮನೆ ಬದಲಾಯಿಸಿ ಪರದೆ ಕಟ್ಟಿದ ಮೇಲೆ "ಬದಲಾಯಿಸಿದೆ" ಅನ್ನುತ್ತಿದ್ದಳು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಅಪ್ಪನ ಕೈ ತಾಗುವಂಥ ಒಂದು ಕೆಲಸವನ್ನೂ ಅವಳು ಹೊರಗೆ ಬಿಡುತ್ತಿರಲಿಲ್ಲ. ಇವನು ಟ್ರೇಲರನ್ನು ಮನೆಯ ಹಿಂದಿನ ಶೆಡ್ಡಿನ ಮಗ್ಗುಲಿಗೆ ನೂಕಿದ, ಆಮೇಲೆ ಅತ್ತ ತಲೆ ಹಾಕಲಿಲ್ಲ. ಎರಡು ಮಳೆಗಾಲ ಅದರ ಮೇಲೇ ಸುರಿದವು.

ಒಂದು ಸೋಮವಾರ ನನ್ನ ತಂಗಿ ಬಾಯಿ ಜಾರಿ ಹೇಳಿಬಿಟ್ಟಳು. ಮಗಳು ಕೆಲಸದ ಕೋಣೆ ಬದಲಾಯಿಸುತ್ತಿದ್ದಾಳೆ, ಮುಂದಿನ ವಾರದ ಶನಿವಾರದೊಳಗೆ ಹಳೆಯದನ್ನು ಖಾಲಿ ಮಾಡಬೇಕು, ಕಾಗದ ಕತ್ತರಿಸುವ ಮೆಷಿನ್ನಿಗೆ ಲಾರಿಯವನನ್ನು ಗೊತ್ತು ಮಾಡುತ್ತಿದ್ದಾಳೆ ಅಂತ. ಆ ಮೆಷಿನ್ ಮುನ್ನೂರು ಕಿಲೋ ತೂಗುತ್ತದೆ. ಅವಳ ಅನ್ನದ ಬಟ್ಟಲು ಅದೇ. ಆಯ್ತಾ ಕೂಡಲೇ ಅವಳಿಗೆ ಫೋನು ಹಚ್ಚಿದ. ನಾನು ಪಕ್ಕದಲ್ಲೇ ಇದ್ದೆ, ಅತ್ತಲಿನ ಮಾತೂ ಕೇಳುತ್ತಿತ್ತು.

"ಮೆಷಿನ್ ನಾನೇ ತರ್ತೀನಮ್ಮ."

"ಆ ಗಾಡೀಲಾ ಅಪ್ಪ? ಅದರ ತಳ ಇನ್ನೂ ಇದೆಯಾ?"

"ಸರಿ ಮಾಡ್ತೀನಿ. ಬಣ್ಣ ಹೊಡೀತೀನಿ."

"ನೀವು ಬಣ್ಣ ಹೊಡೆದ ಬಾಗಿಲು ನೆನಪಿದೆಯಾ? ಬೆಕ್ಕು ಅಂಟಿಕೊಂಡಿತ್ತಲ್ಲ."

"ಬಾಲ ಅಷ್ಟೇ!" ಅಂದ ಇವನು.

"ನೋಡಿ ಅಪ್ಪ, ಲಾರಿಯವನಿಗೆ ಮುಂದಿನ ವಾರ ಶುಕ್ರವಾರ ಮಧ್ಯಾಹ್ನದವರೆಗೂ ಟೈಮ್ ಕೇಳ್ತೀನಿ. ಅಷ್ಟರೊಳಗೆ ತಪಾಸಣೆಯವರು ಗಾಡಿ ನೋಡಿ ಓಡಿಸ್ಬಹುದು ಅಂತ ಚೀಟಿ ಕೊಟ್ರೆ ಸರಿ. ಚೀಟಿ ಇಲ್ದೆ ನನ್ನ ಮೆಷಿನ್ ಹತ್ತಲ್ಲ."

ಫೋನಿಟ್ಟ. ಆಮೇಲೆ ಚಪ್ಪಲಿಯನ್ನೂ ಹಾಕದೆ ಶೆಡ್ಡಿನ ಕಡೆ ನಡೆದ.

ಟ್ರೇಲರ್ ಇತ್ತು, ಆದರೆ ಹೇಗಿತ್ತು ಅಂತೀಯ! ಹಲಗೆಯ ಸಂದಿಯಿಂದ ಬಳ್ಳಿ ಎದ್ದು ಒಂದು ಚಕ್ರಕ್ಕೆ ಮೂರು ಸುತ್ತು ಸುತ್ತಿಕೊಂಡಿತ್ತು. ನಾವು ಎಳೆದರೆ ಬಳ್ಳಿ ವಾಪಸ್ ಎಳೆಯಿತು. ಅರ್ಧ ಗಂಟೆ ಹಗ್ಗಜಗ್ಗಾಟವಾದ ಮೇಲೆ ಬಳ್ಳಿಯೇ ಸೋತಿತು. ತುಕ್ಕು ಎಷ್ಟಿತ್ತೆಂದರೆ, ನಾನು ಹತ್ತಿರ ಹೋಗಿ ಸೀನಿದ್ದಕ್ಕೆ ಹಿಂದಿನ ಬಾಗಿಲು ಕಳಚಿ ಬಿತ್ತು. ಇದು ಬೇಕಾದರೆ ಅರ್ಧ ಕಡಿದುಕೋ.

ಕೊಳೆತ ಹಲಗೆ ಕಿತ್ತೆವು. ದೀಪ, ತಂತಿ ಎಲ್ಲ ಬಿಚ್ಚಿ ಒಂದು ಬುಟ್ಟಿಗೆ ಹಾಕಿದೆವು. ಸೋಡಾ ಕದಡಿದ ಬಿಸಿನೀರಿನಲ್ಲಿ ಮೂವತ್ತು ವರ್ಷದ ಗ್ರೀಸು ತೊಳೆದೆವು. ಆಮೇಲೆ ತಂತಿ ಬ್ರಷ್ಷು. ಸೋಮವಾರದಿಂದ ಶುಕ್ರವಾರದವರೆಗೂ ತಂತಿ ಬ್ರಷ್ಷೇ. ದೊಡ್ಡ ಜಾಗಕ್ಕೆ ಗ್ರೈಂಡರ್ ಹಿಡಿದ, ಮೂಲೆಗಳಿಗೆ ಕೈಯಲ್ಲೇ ಉಪ್ಪುಕಾಗದ ಉಜ್ಜಿದ. ನನ್ನ ಕೆಲಸ ಸುತ್ತಿಗೆ ಹಿಡಿದು ಅಲ್ಲಲ್ಲಿ ಬಡಿದು ನೋಡುವುದು. ಠಣ್ ಅಂದರೆ ಕಬ್ಬಿಣ ಗಟ್ಟಿ, ಠಪ್ ಅಂದರೆ ಒಳಗೇ ತುಕ್ಕು ತಿಂದಿದೆ. ಎರಡು ಕಡೆ ಠಪ್ ಅಂತು. ಬೀದಿಯ ತುದಿಯ ವೆಲ್ಡಿಂಗಿನವನು ಬಂದು ಶುಕ್ರವಾರ ಸಂಜೆ ತೇಪೆ ಹಾಕಿ ಹೋದ. ಕಂದು ಧೂಳು ಎಷ್ಟು ಹಾರಿತೆಂದರೆ, ಅತ್ತ ಹಾದು ಹೋದ ಬಿಳಿ ನಾಯಿಯನ್ನು ಅದರ ಯಜಮಾನ ಮನೆಯೊಳಗೆ ಸೇರಿಸಲಿಲ್ಲ.

ಆಯ್ತಾ ಐದು ದಿನ ನಿಂತಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಕೂರಲೂ ಇಲ್ಲ. ಉಜ್ಜುತ್ತಿದ್ದವನು ಹಠಾತ್ತನೆ ಎದ್ದು ಬೀದಿಯವರೆಗೆ ಹೋಗಿ ಬರುತ್ತಿದ್ದ, ಗೇಟು ತೆರೆದು ಮುಚ್ಚುತ್ತಿದ್ದ, ಮತ್ತೆ ಬಂದು ಅದೇ ಜಾಗವನ್ನೇ ಉಜ್ಜುತ್ತಿದ್ದ.

"ಅದು ಆಗಿದೆ ಭಾವ" ಅಂದರೆ, "ನಿನಗೇನು ಗೊತ್ತು? ಗಡಿಬಿಡಿ ಮಾಡ್ಬೇಡ" ಅಂದ. ನನಗೆ! ಅವನು!

ಬಣ್ಣದ ಅಂಗಡಿಯವನು ಡಬ್ಬಿಗಳ ಜೊತೆ ಬುದ್ಧಿಯನ್ನೂ ಕಟ್ಟಿ ಕೊಟ್ಟಿದ್ದ. "ಮೊದಲು ತುಕ್ಕು ತಡೆಯೋ ಕೆಂಪು ರೆಡ್ ಆಕ್ಸೈಡ್. ಒಂದು ದಿನ ಮುಟ್ಟಬೇಡಿ. ಆಮೇಲೆ ನೀಲಿ ಒಂದು ಕೋಟಿಂಗ್. ಒಂದು ದಿನ ಬಿಡಿ. ಮತ್ತೆ ಇನ್ನೊಂದು. ಮತ್ತೆ ಒಂದು ದಿನ ಬಿಡಿ. ಬೆರಳಿಟ್ಟು ನೋಡೋರು ಬಣ್ಣ ಹೊಡೀಲೇಬಾರದು ಸ್ವಾಮಿ." ಅದನ್ನು ಇವನು ಸೀಮೆಸುಣ್ಣದಲ್ಲಿ ಶೆಡ್ಡಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದುಕೊಂಡ.

ಶನಿವಾರ ರೆಡ್ ಆಕ್ಸೈಡ್ ಹೊಡೆದ. ನೀನು ನಂಬದಿದ್ದರೂ ಪರವಾಗಿಲ್ಲ, ಇಷ್ಟು ನೀಟಾಗಿ ಒಬ್ಬ ಮನುಷ್ಯ ಕಬ್ಬಿಣಕ್ಕೆ ಬಣ್ಣ ಹೊಡೆದದ್ದನ್ನು ನಾನು ನೋಡಿಲ್ಲ. ಒಂದೊಂದು ಬೋಲ್ಟು, ಒಂದೊಂದು ವಾಷರ್ ಬಿಚ್ಚಿ ಒಳಗೂ ಹೊರಗೂ ಹೊಡೆದ. ಅಂಗಾತ ಮಲಗಿ ತಳಕ್ಕೆ ಹೊಡೆದ. ಮೂಗಿನ ತುದಿಗೂ ಒಂದು ಕೋಟಿಂಗ್ ಆಯಿತು. ಎಲ್ಲ ಮುಗಿದ ಮೇಲೆ ನಾನು ಸುತ್ತು ಹಾಕಿ ನೋಡಿದೆ. ಹಿಂಭಾಗದ ಅಡ್ಡಪಟ್ಟಿಯಲ್ಲಿ, ಒಂದು ಬೋಲ್ಟಿನ ತೂತಿನ ಸುತ್ತ ಅಂಗಿಯ ಗುಂಡಿಯಷ್ಟು ಜಾಗ ಬರೀ ಕಬ್ಬಿಣ ಹೊಳೆಯುತ್ತಿತ್ತು.

"ಇಲ್ಲೊಂದು ಬಿಟ್ಟಿದ್ದೀಯ" ಅಂದೆ.

ಅವನು ತಲೆ ಕೆರೆದುಕೊಂಡ. "ಅದನ್ನ ಬಿಡ್ಬೇಕು ಅಂತ ಕಾಣುತ್ತೆ ಭಾವ. ಲಾಂಡ್ರಿ ಮೆಕ್ಯಾನಿಕ್ ಯಾವಾಗ್ಲೂ ಬಿಡ್ತಿದ್ದ. ಯಾಕೆ ಅಂತ ಕೇಳಿರ್ಲಿಲ್ಲ."

"ಯಾಕೆ ಅಂದ್ರೆ? ಅವನೂ ನಿನ್ನ ಥರಾನೇ ಗಡಿಬಿಡಿ. ನಿನ್ನ ಮಗಳು ಬಂದು ನೋಡಿದ್ರೆ ಮೊದಲು ಕಾಣೋದೇ ಅದು. ಅಪ್ಪ ಎಂದಿನಂಗೆ ಅವಸರದಲ್ಲಿ ಮುಗಿಸಿಬಿಟ್ರು ಅಂತಾಳೆ."

ಅವನ ಮುಖ ಸಣ್ಣದಾಯಿತು. ಬ್ರಷ್ಷು ಅದ್ದಿ ಆ ಗುಂಡಿಯಗಲದ ಜಾಗವನ್ನೂ ಮುಚ್ಚಿಬಿಟ್ಟ. ಸೋಮವಾರ ಅದರ ಮೇಲೆ ನೀಲಿ ಬಂತು, ಬುಧವಾರ ಇನ್ನೊಂದು ನೀಲಿ. ನಾನು ದೊಡ್ಡ ಕೆಲಸ ಮಾಡಿದವನಂತೆ ಹೋಗಿ ಹೊಟ್ಟೆ ತುಂಬ ಉಂಡೆ.

ನಡುವಿನ ದಿನಗಳಲ್ಲಿ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಬಣ್ಣ ಮುಟ್ಟುವಂತಿಲ್ಲ, ಬಿಟ್ಟಿರುವಂತಿಲ್ಲ. ಮನೆಯ ಗಡಿಯಾರಕ್ಕೆಲ್ಲ ಎಣ್ಣೆ ಬಿಟ್ಟ. ಚೆನ್ನಾಗಿದ್ದ ನಲ್ಲಿಯನ್ನು ಬಿಚ್ಚಿ ಸೋರುವಂತೆ ಮಾಡಿದ, ಮತ್ತೆ ಸರಿ ಮಾಡಿದ. ನನ್ನ ತಂಗಿ, "ಅಣ್ಣಾ, ಇವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು, ಇಲ್ದಿದ್ರೆ ನನಗೂ ಒಂದು ಕೋಟಿಂಗ್ ಹೊಡೀತಾರೆ" ಅಂದಳು. ಕರೆದುಕೊಂಡು ಹೋದೆ. ಬೀದಿಯ ಕೊನೆ ತಲುಪುವ ಮೊದಲೇ, "ಮೋಡ ಕಟ್ಟಿದಂಗಿಲ್ವಾ?" ಅಂತ ಓಡೋಡಿ ವಾಪಸ್ ಬಂದ. ಆಕಾಶದಲ್ಲಿ ಒಂದು ತುಣುಕು ಹತ್ತಿಯೂ ಇರಲಿಲ್ಲ.

ಗುರುವಾರ ಕೊನೆಯ ದಿನ. ನಾನು ಆಗಲೇ ಹೇಳಿದ್ದು ಅದೇ ದಿನದ ಮಾತು. ಬೆಳಿಗ್ಗೆ ಕುರ್ಚಿ ತಂದು ಹಾಕಿಕೊಂಡ, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿ ಕೂತ. ಕಾಲು ಮಾತ್ರ ಹೊಲಿಗೆ ಮೆಷಿನ್ನಿನ ಹಾಗೆ ಕುಟ್ಟುತ್ತಿತ್ತು. ಸಂಜೆಯ ಹೊತ್ತಿಗೆ ಅವನ ಹಿಮ್ಮಡಿ ಕೆಳಗೆ ಗುಂಡಿ ಬಿದ್ದು ನೀರು ಬರುವುದೊಂದು ಬಾಕಿ.

"ಒಂದು ಕಡೆ, ತಳದಲ್ಲಿ, ಯಾರಿಗೂ ಕಾಣದಂಗೆ ಮುಟ್ಟಿ ನೋಡ್ಲಾ?" ಅಂದ, ಸುಮಾರು ಮೂರು ಗಂಟೆಗೆ.

"ಮುಟ್ಟು, ನನಗೇನು" ಅಂದೆ.

ಅವನು ಎದ್ದ. ಬಗ್ಗಿದ. ಬೆರಳು ಬಣ್ಣದ ಹತ್ತಿರ ಹೋಗಿ ನಿಂತಿತು. ಎಷ್ಟು ಹೊತ್ತು ನಿಂತಿತೋ. ಆಮೇಲೆ ಅವನು ವಾಪಸ್ ಬಂದು ಕೂತು ಬೆರಳನ್ನು ತೊಡೆಯ ಕೆಳಗೆ ಸೇರಿಸಿದ. "ಅವಳು ಕೇಳ್ತಾಳೆ ಭಾವ, ಮುಟ್ಟಿದ್ರಾ ಅಂತ. ಇಲ್ಲ ಅನ್ನೋಕೆ ಆಗ್ಬೇಕು" ಅಂದ.

ಶುಕ್ರವಾರ ಬೆಳಿಗ್ಗೆ ಹೊಸ ಹಲಗೆ ಕೂರಿಸಿ, ದೀಪ, ತಂತಿ ಎಲ್ಲ ಸಿಕ್ಕಿಸಿ ತಪಾಸಣೆಯ ಅಂಗಳಕ್ಕೆ ಹೋದೆವು. ಸೊಸೆ ಮುಂಚೆಯೇ ಬಂದು ಗೇಟಿನ ಪಕ್ಕ ನಿಂತಿದ್ದಳು. ಟ್ರೇಲರ್ ನೋಡಿದಳು. ಕಡುನೀಲಿ, ಕನ್ನಡಿಯ ಹಾಗೆ. ಅದರಲ್ಲಿ ಮುಖ ನೋಡಿಕೊಂಡು ನಾನು ಮೀಸೆ ತೀಡಿಕೊಂಡೆ. ಅವಳು ಮೂಲೆಯೊಂದರ ಮೇಲೆ ಅಂಗೈ ಆಡಿಸಿದಳು.

ತಪಾಸಣೆಯವನು ಉದ್ದನೆಯ ಮನುಷ್ಯ, ಕಿವಿಯ ಹಿಂದೆ ಪೆನ್ನು. ತಳ ನೋಡಿದ, ಚಕ್ರ ಅಲುಗಾಡಿಸಿದ, ಕೊಂಡಿ ಎಳೆದ. "ಬಣ್ಣ ಮದುಮಗನ ಥರ ಇದೆ. ದೀಪ ಹಾಕಿ" ಅಂದ.

ಆಯ್ತಾ ಬ್ರೇಕ್ ತುಳಿದ. ಹಿಂದೆ ಏನೂ ಇಲ್ಲ. ಇಂಡಿಕೇಟರ್ ಹಾಕಿದ. ಏನೂ ಇಲ್ಲ.

"ದೀಪ ಇಲ್ದೆ ಚೀಟಿ ಇಲ್ಲ" ಅಂದ ತಪಾಸಣೆಯವನು. "ಹನ್ನೆರಡಕ್ಕೆ ಕಿಟಕಿ ಮುಚ್ತೀವಿ. ಮತ್ತೆ ಸೋಮವಾರ." ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಾಲು.

ಆಗ ನೋಡು, ಹನ್ನೆರಡು ದಿನ ಕಟ್ಟಿಟ್ಟಿದ್ದ ಗಡಿಬಿಡಿಯೆಲ್ಲ ಒಮ್ಮೆಗೇ ಕಟ್ಟೆ ಒಡೆಯಿತು. ಬಲ್ಬು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಪ್ಲಗ್ಗು ಕಿತ್ತ, ಊದಿದ, ಅಂಗಿಯಲ್ಲಿ ಒರೆಸಿದ. ಫ್ಯೂಸು ಹುಡುಕುತ್ತ ಕಾರಿನೊಳಗೆ ತಲೆಕೆಳಗಾಗಿ ಇಳಿದ, ಕಾಲೆರಡೂ ಹೊರಗೆ. ಬೆವರು ಹೊಸ ಬಣ್ಣದ ಮೇಲೆ ತೊಟ್ಟಿಕ್ಕುತ್ತಿತ್ತು. ಹನ್ನೊಂದೂವರೆ. ಹನ್ನೊಂದು ಮುಕ್ಕಾಲು ಆಗುತ್ತಾ ಬಂತು. ಸೊಸೆಯ ಫೋನು ಬಡಿದುಕೊಂಡಿತು. "ಹತ್ತು ನಿಮಿಷ ಇರಿ ಅಣ್ಣ, ಹೇಳ್ತೀನಿ" ಅಂದಳು. ಲಾರಿಯವನು.

ಆಮೇಲೆ ಅವಳು ಹತ್ತಿರ ಬಂದು ದೀಪದ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದಳು. ಅದು ಅಡ್ಡಪಟ್ಟಿಯ ಬೋಲ್ಟಿಗೆ ಬಂದು ನಿಂತಿತ್ತು.

"ಅಪ್ಪ, ಈ ಬೋಲ್ಟಿನ ಕೆಳಗೂ ಬಣ್ಣ ಹೊಡೆದ್ರಾ?"

"ಎಲ್ಲಾ ಕಡೆ ಹೊಡ್ದಿದೀನಮ್ಮ. ಒಂದು ಸಾಸಿವೆಯಷ್ಟೂ ಬಿಟ್ಟಿಲ್ಲ."

"ಅದಕ್ಕೇ. ಕರೆಂಟು ತಂತೀಲಿ ಬರುತ್ತೆ, ವಾಪಸ್ ಹೋಗೋದು ಕಬ್ಬಿಣದಲ್ಲಿ. ಬೋಲ್ಟು ಬರೀ ಕಬ್ಬಿಣಕ್ಕೆ ತಾಗ್ಬೇಕು. ನನ್ನ ಸ್ಕೂಟರ್‌ಗೆ ಬಣ್ಣ ಹೊಡೆಸಿದಾಗ ನನಗೂ ಹೀಗೇ ಆಗಿತ್ತು. ಇಲ್ಲಿ ಹೊಡೀಬಾರದು ಅಂತ ಯಾರೂ ಹೇಳ್ಲಿಲ್ವಾ?"

ನಾನು ಅಂಗಳದ ಆಚೆ ಕಡೆಯ ಒಂದು ಕಾಗೆಯನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

"ನಂದೇ ತಪ್ಪು" ಅಂದ ಆಯ್ತಾ. "ನಾನೇ ಹೊಡ್ದೆ."

ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಇಷ್ಟು ವರ್ಷದಲ್ಲಿ ನಾನು ನಿಜ ಹೇಳಿದ ಕೆಲವೇ ಸಲಗಳಲ್ಲಿ ಅದೊಂದು. "ಅವನು ಬಿಟ್ಟಿದ್ದ ಕಣಮ್ಮ. ಹೊಡಿ ಅಂತ ಹಂಗಿಸಿ ಹೊಡೆಸಿದವನು ನಾನು" ಅಂದೆ.

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಮಾವ, ನೀವು ಇನ್ಮೇಲೆ ಬಾಯಿಗೂ ಒಂದು ಕೋಟಿಂಗ್ ಹೊಡ್ಕೊಳಿ" ಅಂದಳು. ಆಮೇಲೆ ಡಿಕ್ಕಿಯಿಂದ ಅರ ತೆಗೆದು ಅಪ್ಪನ ಕೈಗೆ ಕೊಟ್ಟಳು. "ಕೆರೀರಿ."

ಅವನು ಬೋಲ್ಟು ಬಿಚ್ಚಿದ, ಅರ ಹಿಡಿದು ಹಾಗೇ ನಿಂತ. ಹನ್ನೆರಡು ದಿನ ಪಾಡು ಪಟ್ಟು ಕೂರಿಸಿದ ಬಣ್ಣ! "ಮೂರು ಕೋಟಿಂಗ್ ಇದೆಯಮ್ಮ ಇಲ್ಲಿ..."

"ಗೊತ್ತಾಗ್ತಿದೆ ಅಪ್ಪ. ನೋಡಿದೆ. ಕೆರೀರಿ, ನಾನು ಬ್ರೇಕ್ ತುಳೀತೀನಿ."

ಕೆರೆದ. ನೀಲಿ ಹೋಯಿತು, ಕೆಂಪು ಹೋಯಿತು, ಕಬ್ಬಿಣ ಹೊಳೆಯಿತು. ಬೋಲ್ಟು ಬಿಗಿದ. ಎರಡು ಕೆಂಪು ದೀಪ ಒಟ್ಟಿಗೇ ಹೊತ್ತಿಕೊಂಡವು. ಅಷ್ಟು ಬೆಳಕು ನಾನು ಯಾವ ದೀಪದಲ್ಲೂ ನೋಡಿಲ್ಲ, ಕಾಗೆ ಕಣ್ಣು ಮುಚ್ಚಿಕೊಂಡಿತು. ಕಿಟಕಿ ಮುಚ್ಚುವುದಕ್ಕೆ ನಾಲ್ಕು ನಿಮಿಷ ಇರುವಾಗ ಚೀಟಿ ಕೈಗೆ ಬಂತು.

ಸೊಸೆ ಅಲ್ಲೇ ನಮ್ಮೆದುರಿಗೇ ಲಾರಿಯವನಿಗೆ ಫೋನು ಮಾಡಿದಳು. "ಬೇಡ ಅಣ್ಣ. ನಮ್ಮಪ್ಪನ ಗಾಡಿ ಇದೆ." ಆಮೇಲೆ ಇವನಿಗೆ, "ನಾಳೆ ಏಳಕ್ಕೆ ಬನ್ನಿ. ಹಗ್ಗ ನಾನು ತಗೊಂಡಿರ್ತೀನಿ" ಅಂದು ಹೊರಟಳು.

ಇವನು ದಾರಿಯುದ್ದಕ್ಕೂ, "ಹಗ್ಗ ಅವಳೇ ತಗೊಂಡಿರ್ತಾಳಂತೆ ಭಾವ, ಅಂದ್ರೆ ಏನರ್ಥ?" ಅಂತ ಕೇಳಿದ. ಹದಿನಾಲ್ಕು ಸಲ. ನನಗೂ ಗೊತ್ತಿರಲಿಲ್ಲ.

ಶನಿವಾರ ಮೆಷಿನ್ ಹತ್ತಿಸಿದ ಮೇಲೆ ಗೊತ್ತಾಯಿತು. ಅವಳು ಹಗ್ಗವನ್ನು ತನ್ನ ಕಡೆ ಬಿಗಿದು ಕಟ್ಟಿದಳು. ಉಳಿದ ತುದಿಯನ್ನು ಮೆಷಿನ್ನಿನ ಮೇಲಿಂದ ಆಚೆಗೆ ಎಸೆದು, "ಆ ಕಡೆ ನೀವು ಕಟ್ಟಿ ಅಪ್ಪ" ಅಂದಳು. ಅಷ್ಟು ಹೇಳಿ ಸೀದಾ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಈ ಕಡೆ ಬಂದು ಗಂಟು ನೋಡಲಿಲ್ಲ. ಕನ್ನಡಿಯಲ್ಲೂ ನೋಡಲಿಲ್ಲ, ನಾನು ಗಮನಿಸಿದೆ. ಆಯ್ತಾ ಮಾತ್ರ ಕಟ್ಟಿದ, ಬಿಚ್ಚಿದ, ಕಟ್ಟಿದ. ಅರ್ಧ ದಾರಿಗೆ ನಾಲ್ಕು ಸಲ ಗಾಡಿ ನಿಲ್ಲಿಸಿ ಇಳಿದು ಎಳೆದು ನೋಡಿದ. ನಮ್ಮನ್ನು ಸೈಕಲ್ಲುಗಳು ದಾಟಿ ಹೋದವು, ಕೋಲೂರಿಕೊಂಡು ಹೋಗುವ ಒಬ್ಬ ಮುದುಕಿ ದಾಟಿ ಹೋದಳು. ಮೆಷಿನ್ ಹೊಸ ಕೋಣೆಯಲ್ಲಿ ಕೂದಲೆಳೆಯಷ್ಟೂ ಕೊಂಕದೆ ಇಳಿಯಿತು.

ಇಳಿಸಿದ್ದು ಹೇಗೆ ಅಂತ ಕೇಳಲೇ ಇಲ್ಲವಲ್ಲ ನೀನು? ಮುನ್ನೂರು ಕಿಲೋ. ನಾಲ್ಕು ಜನ ಹಮಾಲರು ಬಂದು ಆಗುವುದಿಲ್ಲ ಅಂತ ಕೈಚೆಲ್ಲಿ ಕೂತರು. ಆಗ ನಾನು ತೋಳು ಮಡಿಸಿಕೊಂಡು, ಎಡಗೈಯ ಕಿರುಬೆರಳೊಂದನ್ನು ಹೀಗೆ ಮೆಷಿನ್ನಿನ ಕೆಳಗೆ...

"ರೀ, ಇಳಿಸುವಾಗ ನೀವು ಕೊಡೆ ಹಿಡ್ಕೊಂಡು ಮೂಲೇಲಿ ನಿಂತಿದ್ರಿ! ಊಟ ಆರ್ತಾ ಇದೆ, ಬರ್ತೀರೋ ಇಲ್ವೋ?"

ಬಂದೆ ಕಣೇ, ಬಂದೆ.